ಮೈದಾನದಲ್ಲಿ ಗೆಲ್ಲುವವರು ಪರದೆಯ ಮೇಲೆ ಏಕೆ ಸೋಲುತ್ತಾರೆ?

ಎಡಗೈ ಸ್ಪಿನ್ (ಹುಬ್ಬಳ್ಳಿ)

ನಾನು ಹುಬ್ಬಳ್ಳಿಯಲ್ಲಿ ಡಿವಿಜನ್ ಲೀಗ್ ಪಂದ್ಯಗಳನ್ನು ಆಡುವವನು. ದೊಡ್ಡ ಆಟಗಾರನೇನೂ ಅಲ್ಲ. ಆದರೂ ಮ್ಯಾಟಿಂಗ್ ವಿಕೆಟ್ ಸಿಕ್ಕಿತೆಂದರೆ ನನ್ನ ಚೆಂಡನ್ನು ಎತ್ತಿ ಹೊಡೆಯಲು ಎದುರಿನವರು ಹಿಂದೆಮುಂದೆ ನೋಡುತ್ತಾರೆ. ಮನೆಯಲ್ಲಿ ಅಕ್ಕನ ಮಗನಿದ್ದಾನೆ, ಪಿಯುಸಿ ಓದುತ್ತಾನೆ. ನೆಹರೂ ಮೈದಾನಕ್ಕೆ ಕರೆದೊಯ್ದು ಬ್ಯಾಟು ಕೈಗಿತ್ತರೆ ಅಂಗಳದ ಕಸ ಗುಡಿಸುವವನ ಹಾಗೆ ಬೀಸುತ್ತಾನೆ. ಅದೇ ಹುಡುಗ ಟಿವಿಯ ಮುಂದೆ ಕಂಟ್ರೋಲರ್ ಹಿಡಿದು ಕುಳಿತನೆಂದರೆ ನನ್ನ ತಂಡ ಪವರ್‌ಪ್ಲೇ ಮುಗಿಯುವುದರೊಳಗೆ ಆಲೌಟ್. ನಾನು ಬೌಲಿಂಗ್ ಮಾಡಿದರೆ ಪ್ರತಿ ಓವರಿನಲ್ಲೂ ಸಿಕ್ಸರ್. ಮೇಲೆ ಉಪದೇಶ ಬೇರೆ: ‘ಮಾಮಾ, ನೀವು ಗುಂಡಿಯನ್ನು ಬೇಗ ಒತ್ತುತ್ತೀರಿ.’

ನನ್ನ ಪ್ರಶ್ನೆ ಇಷ್ಟೇ. ನಿಜವಾದ ಆಟದ ಕೌಶಲಕ್ಕೂ ಅದೇ ಆಟದ ವಿಡಿಯೋ ಗೇಮ್ ಕೌಶಲಕ್ಕೂ ಸಂಬಂಧ ಏನಾದರೂ ಇದೆಯೇ? ಇಷ್ಟು ವರ್ಷ ಮಣ್ಣಿನಲ್ಲಿ ಕಲಿತದ್ದು ಅಲ್ಲಿ ಎಳ್ಳಷ್ಟೂ ಉಪಯೋಗಕ್ಕೆ ಬರುವುದಿಲ್ಲವೇ?

ಜಾಯ್‌ಸ್ಟಿಕ್ (ಧಾರವಾಡ)

ಅಣ್ಣಾ, ಮೊದಲು ಟಿವಿಯ ಸೆಟ್ಟಿಂಗ್ ನೋಡಿ. ‘ಗೇಮ್ ಮೋಡ್’ ಹಾಕಿಲ್ಲದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂರುತ್ತದೆ. ನೀವು ಒತ್ತಿದ್ದು ಪರದೆಯ ಮೇಲೆ ತಡವಾಗಿ ಕಾಣುತ್ತದೆ. ಆಟ ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಓಡುವಾಗ ಒಂದು ಚಿತ್ರದ ಆಯುಷ್ಯ ಸುಮಾರು 17 ಮಿಲಿಸೆಕೆಂಡು. ‘ಪರ್ಫೆಕ್ಟ್ ಟೈಮಿಂಗ್’ ಎಂದು ಹಸಿರು ಬಣ್ಣ ತೋರಿಸುವ ಅವಧಿ ಇಂಥ ಕೆಲವೇ ಚಿತ್ರಗಳಷ್ಟು. ನಿಮ್ಮ ಅಳಿಯನಿಗೆ ಆ ಟಿವಿಯ ತಡವೆಷ್ಟು ಎಂಬುದು ಬೆರಳಿಗೇ ಗೊತ್ತು. ನಿಮಗೆ ಗೊತ್ತಿಲ್ಲ. ಅವನು ತನ್ನ ಊರಿನ ಪಿಚ್‌ನಲ್ಲಿ ಆಡುತ್ತಿದ್ದಾನೆ, ನೀವು ಪರಸ್ಥಳದವರು.

ಇನ್ನೊಂದು ಮಾತು. ಇದನ್ನು ಕ್ರಿಕೆಟ್ಟಿನ ಮರಿ ಎಂದು ನೋಡಬೇಡಿ. ಇದು ಬೇರೆಯೇ ಆಟ, ಹೆಸರು ಮಾತ್ರ ಒಂದೇ. ಅವನು ರಾತ್ರಿಯೆಲ್ಲ ಕೂತು ಕಲಿತದ್ದಕ್ಕೂ ಬೆಲೆ ಕೊಡಿ.

ಗರಡಿ ಕಾಕಾ (ಹಾವೇರಿ)

ಬೆವರು ಬಾರದ ಆಟಕ್ಕೆ ಬೆಲೆ ಕೊಡಬೇಕಂತೆ! ತಮ್ಮಾ, ನಾನು ದೈಹಿಕ ಶಿಕ್ಷಣ ಶಿಕ್ಷಕ, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿ ಇದ್ದೇನೆ. ಇತ್ತೀಚಿನ ಮಕ್ಕಳು ನೂರು ಮೀಟರ್ ಓಡಿ ಮಂಡಿಯ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಕೇಳಿದರೆ ‘ಸರ್, ಆಟದಲ್ಲಿ ನಾನು ರೊನಾಲ್ಡೊ’ ಎನ್ನುತ್ತಾರೆ. ದೀಪಾವಳಿ ಮುಗಿದ ಮೇಲೆ ಹಾವೇರಿ ಕಡೆಗೆ ಬಾ. ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿದ ಹೋರಿ ಎದುರಿಗೆ ಬರುವಾಗ ಯಾವ ಗುಂಡಿ ಒತ್ತುತ್ತೀಯೋ ನೋಡೋಣ.

ಜಾಯ್‌ಸ್ಟಿಕ್ (ಧಾರವಾಡ)

ಕಾಕಾ, ಹೋರಿ ಬಂದರೆ ನಾನು ಒತ್ತುವುದು ಒಂದೇ ಗುಂಡಿ, ಓಟ. ಆದರೆ ಸರ್ಕಾರವೇ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್‌ಗಳ ಸ್ಪರ್ಧೆಗಳಿಗೆ, ಮಾನ್ಯತೆ ಕೊಟ್ಟು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಡಿಯೋ ಗೇಮ್ ಫುಟ್‌ಬಾಲ್‌ಗೂ ಪದಕ ಇತ್ತು.

ಗರಡಿ ಕಾಕಾ (ಹಾವೇರಿ)

ಸರ್ಕಾರ ಮಾನ್ಯತೆ ಕೊಟ್ಟ ಮಾತ್ರಕ್ಕೆ ಎದೆಯಲ್ಲಿ ದಮ್ಮು ಬರುತ್ತದೆಯೇ?

ಪಾರ್ಲರ್ ನಡೆಸುವವ (ವಿದ್ಯಾನಗರ, ಹುಬ್ಬಳ್ಳಿ)

ನನ್ನದು ಕಾಲೇಜುಗಳ ಹತ್ತಿರದ ಚಿಕ್ಕ ಗೇಮಿಂಗ್ ಪಾರ್ಲರ್. ಬೆಳಿಗ್ಗೆ ಮೈದಾನದಲ್ಲಿ ಆಡಿ ಸಂಜೆ ನನ್ನಲ್ಲಿಗೆ ಬರುವ ಹುಡುಗರು ಬಹಳ ಇದ್ದಾರೆ, ಮೈದಾನದ ಮುಖವನ್ನೇ ನೋಡದವರೂ ಇದ್ದಾರೆ. ಇಬ್ಬರನ್ನೂ ಕೌಂಟರ್‌ನಲ್ಲಿ ಕುಳಿತು ನೋಡುತ್ತಾ ಬಂದಿದ್ದೇನೆ. ನನಗೆ ಕಂಡದ್ದನ್ನು ಹೇಳುತ್ತೇನೆ, ಶಾಸ್ತ್ರ ಗೊತ್ತಿಲ್ಲ.

ಫುಟ್‌ಬಾಲ್ ಆಡುವ ಹುಡುಗನನ್ನು ಪರದೆಯ ಮುಂದೆ ಕೂರಿಸಿದರೆ ಅವನು ಗೋಲು ಹೊಡೆಯುವುದರಲ್ಲಿ ಏನೂ ವಿಶೇಷವಿಲ್ಲ. ಆದರೆ ರಕ್ಷಣೆಯಲ್ಲಿ ಗೊತ್ತಾಗಿಬಿಡುತ್ತದೆ. ಮೈದಾನ ನೋಡದವನು ಚೆಂಡಿನ ಹಿಂದೆ ಓಡುತ್ತಾನೆ, ತನ್ನ ಡಿಫೆಂಡರ್‌ನನ್ನು ಜಾಗದಿಂದ ಕಿತ್ತು ತರುತ್ತಾನೆ, ಅಲ್ಲೊಂದು ಬಾಗಿಲು ತೆರೆದುಕೊಳ್ಳುತ್ತದೆ. ಆಡಿ ಬಂದವನು ಚೆಂಡನ್ನು ಬಿಟ್ಟು ಪಾಸ್ ಹೋಗುವ ದಾರಿಗೆ ಅಡ್ಡ ನಿಲ್ಲುತ್ತಾನೆ. ಕ್ರಿಕೆಟ್ಟಿನಲ್ಲೂ ಇದೇ ಕಥೆ. ನಿಜವಾದ ಬೌಲರ್‌ಗಳು ಫೀಲ್ಡ್ ಕೂರಿಸುವುದನ್ನು ನೋಡಲು ನನಗೆ ಖುಷಿ. ಆಫ್ ಸೈಡಿನಲ್ಲಿ ಜಾಗ ಬಿಟ್ಟು, ಆಸೆ ತೋರಿಸಿ, ಸ್ಲಿಪ್‌ನಲ್ಲಿ ಹಿಡಿಯುತ್ತಾರೆ. ಬ್ಯಾಟ್ಸ್‌ಮನ್‌ಗಳು ಮಾತ್ರ ಪಾಪ, ಸ್ಪಿನ್ ಅಣ್ಣನವರ ಹಾಗೆಯೇ. ಮೈಯೆಲ್ಲ ಮುಂದೆ ಬಾಗಿಸಿ, ಕುರ್ಚಿಯಲ್ಲೇ ಕಾಲು ಚಾಚಿ ಕವರ್ ಡ್ರೈವ್ ಹೊಡೆಯಲು ಹೋಗುತ್ತಾರೆ. ಹೆಬ್ಬೆರಳು ಮಾತ್ರ ತಡ.

2023ರಲ್ಲಿ ಹುಬ್ಳಿ ಟೈಗರ್ಸ್ ಮಹಾರಾಜ ಟ್ರೋಫಿ ಗೆದ್ದಾಗ ಎಲ್ಲರಿಗೂ ಆ ತಂಡವನ್ನೇ ಆಟದೊಳಗೆ ಕಟ್ಟಿಕೊಡಬೇಕಾಯಿತು. ಆಟಗಾರರ ಹೆಸರು, ಜೆರ್ಸಿಯ ಬಣ್ಣ ಎಲ್ಲವನ್ನೂ ತಿದ್ದಿ ಕೂರಿಸಿದೆ. ಆ ವಾರ ಪರೋಟಾ ಅಂಗಡಿಯವನಿಗೂ ಒಳ್ಳೆಯ ವ್ಯಾಪಾರ.

ಎರಡೂ ಕಡೆ ಗೆದ್ದವರಿಲ್ಲವೇ ಎಂದರೆ ಇದ್ದಾರೆ. ಪೋರ್ಚುಗಲ್ಲಿನ ಫುಟ್‌ಬಾಲ್ ಆಟಗಾರ ಡಿಯೋಗೊ ಜೋಟಾ ಲಿವರ್‌ಪೂಲ್‌ಗೆ ಆಡುತ್ತಿದ್ದಾಗಲೇ, 2021ರಲ್ಲಿ, ಫಿಫಾ 21 ಎಂಬ ಫುಟ್‌ಬಾಲ್ ವಿಡಿಯೋ ಗೇಮ್‌ನ ವಾರಾಂತ್ಯದ ಸ್ಪರ್ಧೆಯಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಏರಿದ್ದರು. ಕಳೆದ ವರ್ಷಗಳಲ್ಲಿ ನನ್ನ ಪಾರ್ಲರ್‌ನಲ್ಲಿ ಅತಿ ಹೆಚ್ಚು ಕೇಳಿದ ಹೆಸರು ಅದು. 2025ರ ಜುಲೈನಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡ ದಿನ ಹುಡುಗರು ಬಂದು ಕುಳಿತು ಆಡದೆ ಹೋದರು.

ಫಿಸಿಯೋ ಅಕ್ಕ (ಧಾರವಾಡ)

ಪಾರ್ಲರ್ ಅಣ್ಣನವರು ಶಾಸ್ತ್ರ ಗೊತ್ತಿಲ್ಲ ಎನ್ನುತ್ತಲೇ ಅರ್ಧ ಶಾಸ್ತ್ರ ಹೇಳಿಬಿಟ್ಟಿದ್ದಾರೆ. ಉಳಿದ ಅರ್ಧ ನನ್ನ ಕಡೆಯಿಂದ. ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು ಮುರಿದುಕೊಂಡ ಆಟಗಾರರೂ ಬರುತ್ತಾರೆ, ಹೆಬ್ಬೆರಳಿನ ಬುಡದ ಸ್ನಾಯುರಜ್ಜು ಊದಿಸಿಕೊಂಡ ಗೇಮರ್‌ಗಳೂ ಬರುತ್ತಾರೆ. ಜಾಯ್‌ಸ್ಟಿಕ್ ತಮ್ಮಾ, ಎರಡನೆಯ ಸಾಲಿನಲ್ಲಿ ನೀನೂ ಒಂದು ದಿನ ನಿಲ್ಲುತ್ತೀಯ, ನೆನಪಿಟ್ಟುಕೋ.

ಬ್ಯಾಟಿಂಗ್ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬೌಲರ್‌ನ ಕೈಯಿಂದ ಬ್ಯಾಟಿಗೆ ಬರಲು ಹಿಡಿಯುವುದು ಸುಮಾರು ಅರ್ಧ ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಮಿಡಿಯಲು ಯಾರಿಗಾದರೂ ಸುಮಾರು 0.2 ಸೆಕೆಂಡು ಬೇಕೇ ಬೇಕು. ಇದರಲ್ಲಿ ರಾಹುಲ್ ದ್ರಾವಿಡ್ ಅವರಿಗೂ ನಮಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬ್ಯಾಟು ಬೀಸುವುದಕ್ಕೇ ಇನ್ನಷ್ಟು ಹೊತ್ತು ಹೋಗುತ್ತದೆ. ಹಾಗಾದರೆ ನೋಡಿ ಹೊಡೆಯುವುದಕ್ಕೆ ಸಮಯವೇ ಇಲ್ಲ. ಊಹಿಸಿ ಹೊಡೆಯಬೇಕು. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲೌಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಅವರ ಕಣ್ಣು ಎಲ್ಲಿ ಹೋಗುತ್ತದೆ ಎಂದು ಅಳೆದರು. 2000ದಲ್ಲಿ ಅದು ಪ್ರಕಟವಾಯಿತು. ಚೆಂಡನ್ನು ಉದ್ದಕ್ಕೂ ಯಾರೂ ನೋಡುವುದಿಲ್ಲ. ಕೈಬಿಟ್ಟ ಕ್ಷಣವನ್ನು ನೋಡುತ್ತಾರೆ, ಆಮೇಲೆ ಕಣ್ಣು ಚೆಂಡಿಗಿಂತ ಮೊದಲೇ ಅದು ಪುಟಿಯುವ ಜಾಗಕ್ಕೆ ಜಿಗಿದು ಅಲ್ಲಿ ಕಾಯುತ್ತದೆ. ಒಳ್ಳೆಯ ಬ್ಯಾಟ್ಸ್‌ಮನ್‌ನ ಕಣ್ಣು ಬೇಗ ಜಿಗಿಯುತ್ತದೆ.

ಈಗ ನಿಮ್ಮ ವಿಡಿಯೋ ಗೇಮ್ ತೆರೆಯಿರಿ. ಬೌಲರ್ ಓಡಿ ಬರುವಾಗಲೇ ಪಿಚ್‌ನ ಮೇಲೆ ಒಂದು ವೃತ್ತ ಕಾಣುತ್ತದೆ ಅಲ್ಲವೇ? ಚೆಂಡು ಇಲ್ಲಿ ಬೀಳುತ್ತದೆ ಎಂದು ಆಟವೇ ಗುರುತು ಹಾಕಿ ತೋರಿಸುತ್ತದೆ. ಬ್ಯಾಟಿಂಗಿನಲ್ಲಿ ಯಾವುದು ಅತಿ ಕಷ್ಟವೋ, ಯಾವುದಕ್ಕಾಗಿ ಸ್ಪಿನ್ ಅಣ್ಣನವರು ವರ್ಷಗಟ್ಟಲೆ ನೆಟ್ಸ್‌ನಲ್ಲಿ ಬೆವರು ಸುರಿಸಿದ್ದಾರೋ, ಅದನ್ನು ಆಟ ಪುಕ್ಕಟೆಯಾಗಿ ಹಂಚುತ್ತಿದೆ. ಅಲ್ಲಿ ನಿಮ್ಮ ಬಂಡವಾಳಕ್ಕೆ ಬೆಲೆಯೇ ಇಲ್ಲ. ಉಳಿಯುವುದು ಗುಂಡಿ ಒತ್ತುವ ಹೊತ್ತು. ಆ ವಿದ್ಯೆಯಲ್ಲಿ ಹುಡುಗ ನಿಮಗಿಂತ ಹಿರಿಯ.

ಕೌಶಲ ಎನ್ನುವುದು ಎಷ್ಟು ಇಕ್ಕಟ್ಟಾದ ವಸ್ತು ಎಂಬುದಕ್ಕೆ ಪರದೆಯ ತನಕ ಹೋಗಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ 2004ರಲ್ಲಿ ಒಂದು ಪ್ರದರ್ಶನ ಪಂದ್ಯ ನಡೆಯಿತು. ಆಲ್ಬರ್ಟ್ ಪುಹೋಲ್ಸ್ ಆಗ ಬೇಸ್‌ಬಾಲ್‌ನ ಮಹಾ ಹೊಡೆತಗಾರ. ಅವರಿಗೆ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್ ಚೆಂಡೆಸೆದರು. ಸಾಫ್ಟ್‌ಬಾಲ್ ದೊಡ್ಡ ಚೆಂಡು. ವೇಗವೂ ಅವರು ದಿನವೂ ಎದುರಿಸುವುದಕ್ಕಿಂತ ಕಡಿಮೆ. ಆದರೂ ಔಟ್. ಮೈಕ್ ಪಿಯಾಜ್ಜಾ, ಬ್ರಯನ್ ಜೈಲ್ಸ್ ಅವರದೂ ಅದೇ ಗತಿ. ಎಸೆತ ಕಡಿಮೆ ದೂರದಿಂದ, ಕೆಳಗಿನಿಂದ ಬರುತ್ತಿತ್ತು. ಭುಜವನ್ನು ನೋಡಿ ಊಹಿಸಲು ಕಲಿತ ಕಣ್ಣಿಗೆ ಅಲ್ಲಿ ಓದುವುದಕ್ಕೆ ಏನೂ ಸಿಗಲಿಲ್ಲ. ಎರಡು ಅಣ್ಣತಮ್ಮ ಆಟಗಳ ನಡುವೆಯೇ ಹೀಗಾದರೆ ಕಂಟ್ರೋಲರ್‌ನ ಮಾತೇನು?

ಜಾಯ್‌ಸ್ಟಿಕ್ (ಧಾರವಾಡ)

ಅಕ್ಕಾ, ವೃತ್ತದ ಮಾತು ಸರಿ, ಆದರೆ ಹಲವು ಆಟಗಳಲ್ಲಿ ಕಠಿಣ ಹಂತಕ್ಕೆ ಹೋದರೆ ಅದನ್ನು ತೆಗೆದುಹಾಕಬಹುದು. ತೆಗೆದ ಮೇಲೆ ಬೌಲರ್‌ನ ಕೈಯನ್ನೇ ಓದಬೇಕು. ಸ್ಪಿನ್ ಅಣ್ಣಾ, ಒಮ್ಮೆ ಅಳಿಯನೊಂದಿಗೆ ಹಾಗೆ ಆಡಿ ನೋಡಿ, ಪಂದ್ಯ ಸ್ವಲ್ಪ ಬಿಗಿಯಾಗಬಹುದು.

ಇನ್ನು, ಪರದೆಯಿಂದ ಮೈದಾನಕ್ಕೆ ದಾರಿಯೇ ಇಲ್ಲ ಎನ್ನುವವರು ಯಾನ್ ಮಾರ್ಡನ್‌ಬರೊ ಅವರನ್ನು ನೋಡಬೇಕು. ಬ್ರಿಟನ್ನಿನ ಹುಡುಗ, ಮನೆಯಲ್ಲಿ ಗ್ರಾನ್ ಟುರಿಸ್ಮೊ ಎಂಬ ಕಾರು ಓಟದ ವಿಡಿಯೋ ಗೇಮ್ ಆಡುತ್ತಿದ್ದವರು. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ಆ ಆಟದ ನಿಪುಣರನ್ನು ನಿಜವಾದ ರೇಸಿಗೆ ಆರಿಸಲು ನಡೆಸುತ್ತಿದ್ದ ಜಿಟಿ ಅಕಾಡೆಮಿ ಸ್ಪರ್ಧೆಯನ್ನು 2011ರಲ್ಲಿ ಗೆದ್ದರು. 2013ರಲ್ಲಿ ಲ ಮಾನ್ 24 ಗಂಟೆಗಳ ಕಾರು ಓಟದಲ್ಲಿ ತಮ್ಮ ವರ್ಗದಲ್ಲಿ ಮೂರನೆಯ ಸ್ಥಾನ. ಅವರ ಜೊತೆ ಅದೇ ಕಾರು ಓಡಿಸಿದ ಲೂಕಾಸ್ ಓರ್ಡೊನೆಸ್ ಕೂಡ ಅದೇ ಅಕಾಡೆಮಿಯ ಮೊದಲ ವಿಜೇತ. ಸೋಫಾದಿಂದ ಎದ್ದು ಬಂದವರು ಇವರು.

ಗರಡಿ ಕಾಕಾ (ಹಾವೇರಿ)

ಕಾರು ಓಡಿಸುವುದೂ ಕೂತು ಮಾಡುವ ಕೆಲಸವೇ ಅಲ್ಲವೇ? ಅದಕ್ಕೇ ಬಂದಿದೆ. ಕುಸ್ತಿಯಲ್ಲಿ ಒಬ್ಬನನ್ನು ತೋರಿಸು.

ಫಿಸಿಯೋ ಅಕ್ಕ (ಧಾರವಾಡ)

ಕಾಕಾ ತಮಾಷೆಗೆ ಹೇಳಿದರೂ ವಿಷಯ ಅಲ್ಲೇ ಇದೆ. ಸ್ಟೀರಿಂಗ್ ಚಕ್ರ, ಬ್ರೇಕಿನ ಪೆಡಲ್, ಮುಂದಿನ ತಿರುವಿನ ನೋಟ: ಮನೆಯಲ್ಲಿ ಆಟಕ್ಕೆಂದು ಕೂರಿಸಿದ ಸ್ಟೀರಿಂಗ್-ಪೆಡಲ್ ರಿಗ್‌ನಲ್ಲೂ ನಿಜವಾದ ಕಾರಿನಲ್ಲೂ ಕೈಕಾಲುಗಳ ಕೆಲಸ ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಫ್1ನ ಮ್ಯಾಕ್ಸ್ ವರ್ಸ್ಟಾಪನ್ ಅಂಥವರೂ ಬಿಡುವಿನಲ್ಲಿ ಸಿಮ್ಯುಲೇಟರ್ ರೇಸ್‌ಗಳಲ್ಲಿ ಆಡುತ್ತಾರೆ. ಹೆಬ್ಬೆರಳಿನಿಂದ ಕವರ್ ಡ್ರೈವ್ ಹೊಡೆಯುವುದಕ್ಕೆ ಆ ಭಾಗ್ಯವಿಲ್ಲ. ಹಾಗೆಂದು ಕಾರಿನಲ್ಲೂ ಎಲ್ಲವೂ ದಾಟಿ ಬರುವುದಿಲ್ಲ. ತಿರುವಿನಲ್ಲಿ ಕತ್ತಿನ ಮೇಲೆ ಬೀಳುವ ಭಾರ, ಒಳಗಿನ ಸೆಕೆ, ಭಯ ಇವು ಮನೆಯಲ್ಲಿ ಇಲ್ಲ. 2015ರಲ್ಲಿ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಇದೇ ಮಾರ್ಡನ್‌ಬರೊ ಅವರ ಕಾರು ದಿಬ್ಬದ ಮೇಲೆ ಗಾಳಿಗೆ ಎದ್ದು ಬೇಲಿಯಾಚೆ ಬಿತ್ತು, ಒಬ್ಬ ಪ್ರೇಕ್ಷಕ ಸತ್ತರು. ಅದಾದ ಮೇಲೂ ಮತ್ತೆ ಕಾರಿನಲ್ಲಿ ಕೂರುವುದಿದೆಯಲ್ಲ, ಅದನ್ನು ಯಾವ ಆಟವೂ ಅವರಿಗೆ ಕಲಿಸಿರಲಿಲ್ಲ.

ಕಪ್ಪತಗುಡ್ಡ ಸೈಕಲ್ (ಗದಗ)

ಯಾರೂ ಸೈಕಲ್ಲಿನ ಮಾತು ಎತ್ತಲಿಲ್ಲವೆಂದು ಬಂದೆ. ಗದಗಿನಲ್ಲಿ ಕುಳಿತು ಸುಮ್ಮನಿದ್ದರೆ ಹೇಗೆ?

ಝ್ವಿಫ್ಟ್ ಎಂಬುದೊಂದಿದೆ. ನಿಮ್ಮದೇ ಸೈಕಲ್ಲಿನ ಹಿಂದಿನ ಗಾಲಿ ತೆಗೆದು ಟ್ರೇನರ್ ಯಂತ್ರಕ್ಕೆ ಕೂರಿಸುತ್ತೀರಿ. ಪರದೆಯ ಮೇಲೆ ಏರು ಬಂದರೆ ಯಂತ್ರ ತಾನೇ ಪೆಡಲ್ ಬಿಗಿ ಮಾಡುತ್ತದೆ. ನೀವು ತುಳಿದ ಬಲವನ್ನು ವಾಟ್‌ಗಳಲ್ಲಿ ಅಳೆದು, ನಿಮ್ಮ ತೂಕಕ್ಕೆ ಭಾಗಿಸಿ, ಪರದೆಯ ಬೊಂಬೆಯನ್ನು ಓಡಿಸುತ್ತದೆ. ಬೆರಳಿಗೆ ಇಲ್ಲಿ ಕೆಲಸವಿಲ್ಲ. ಕಾಕಾ, ಇಲ್ಲಿ ಬೆವರು ಬರುತ್ತದೆ. ಗಾಳಿಯಿಲ್ಲದ ಕೋಣೆಯಾದ್ದರಿಂದ ರಸ್ತೆಗಿಂತ ಹೆಚ್ಚೇ ಬರುತ್ತದೆ, ಕೆಳಗೆ ಟವೆಲ್ ಹಾಸಬೇಕು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಇದರ ಮೇಲೆಯೇ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಪುರುಷರಲ್ಲಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್. ಅವರ ಮೂಲ ಕಸುಬು ಸೈಕಲ್ ಅಲ್ಲ, ದೋಣಿ ಹುಟ್ಟು ಹಾಕುವುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದರಲ್ಲೇ ಬೆಳ್ಳಿ ತಂದರು. ಶ್ವಾಸಕೋಶ ದೊಡ್ಡದಿತ್ತು, ಪರದೆ ಅಷ್ಟನ್ನೇ ಕೇಳಿತು. ಆಸ್ಟ್ರೇಲಿಯಾದ ಜೇ ವೈನ್ ಪರದೆಯ ಸವಾರರಿಂದ ವೃತ್ತಿಪರರನ್ನು ಆರಿಸುವ ಸ್ಪರ್ಧೆ, 2020ರ ಝ್ವಿಫ್ಟ್ ಅಕಾಡೆಮಿ, ಗೆದ್ದು ವೃತ್ತಿಪರ ತಂಡ ಸೇರಿದರು. 2022ರ ಸ್ಪೇನ್ ಪ್ರವಾಸದ ಓಟದಲ್ಲಿ, ಅದೇ ವುಯೆಲ್ಟಾದಲ್ಲಿ, ಎರಡು ಬೆಟ್ಟದ ಹಂತಗಳನ್ನು ಗೆದ್ದರು. ಮನೆಯ ಕೋಣೆಯಲ್ಲಿ ಕಂಡ ಕಾಲು ಬೆಟ್ಟದಲ್ಲೂ ಅದೇ ಕಾಲು. ಆದರೆ ಅದೇ ಓಟದಲ್ಲಿ, ಏರುಗಳಲ್ಲಿ ಎಲ್ಲರಿಗಿಂತ ಮುಂದಿರುವವರಿಗೆ ಕೊಡುವ ಬೆಟ್ಟದ ರಾಜನ ಜೆರ್ಸಿ ಮೈಮೇಲಿರುವಾಗಲೇ, ಬಿದ್ದು ಹೊರಬಂದರು.

ಬೀಳುವುದು ಯಾರಿಗೂ ತಪ್ಪಿದ್ದಲ್ಲ, ಅದನ್ನು ಪರದೆಯ ತಲೆಗೆ ಕಟ್ಟಲಾರೆ. ಆದರೂ ಹೇಳುತ್ತೇನೆ. ಮುಂಡರಗಿ ಕಡೆಯ ರಸ್ತೆಯಲ್ಲಿ ಗುಡ್ಡದ ಗಾಳಿಯಂತ್ರಗಳೆಲ್ಲ ರಭಸವಾಗಿ ತಿರುಗುತ್ತಿರುವ ದಿನ ಗುಂಪಿನಲ್ಲಿ ಹೋಗಿ ನೋಡಿ. ಅಡ್ಡಗಾಳಿಗೆ ಯಾರ ಬೆನ್ನ ಹಿಂದೆ, ಯಾವ ಪಕ್ಕಕ್ಕೆ ಅಡಗಬೇಕು, ಮುಂದಿನ ಗಾಲಿಗೆ ಎಷ್ಟು ಹತ್ತಿರ ಹೋಗಬಹುದು, ಎದುರಿನ ಕಬ್ಬಿನ ಟ್ರ್ಯಾಕ್ಟರ್ ಎತ್ತ ವಾಲುತ್ತದೆ. ಇದನ್ನೆಲ್ಲ ನಮ್ಮ ಕಡೆಯ ಹುಡುಗರು ಹಾಲು ಹಾಕುವ ವಯಸ್ಸಿನಲ್ಲೇ ಕಲಿತಿರುತ್ತಾರೆ. ಕೋಣೆಯಲ್ಲಿ ತುಳಿದವನಿಗೆ ಕಾಲು ಇರುತ್ತದೆ, ಈ ಬುದ್ಧಿ ಇರುವುದಿಲ್ಲ.

ಮೋಸವೂ ಅಲ್ಲಿ ಬೇರೆ ಬಗೆಯದು. ತೂಕವನ್ನು ಕಡಿಮೆ ಬರೆದುಕೊಂಡರೆ ಏರಿನಲ್ಲಿ ಹಕ್ಕಿ. ಬ್ರಿಟನ್ನಿನ ಒಬ್ಬ ಸೈಕಲ್ ಸವಾರ ಆಟದೊಳಗಿನ ವೇಗದ ಸೈಕಲ್ಲನ್ನು ತಾನು ತುಳಿಯದೆ ಕಂಪ್ಯೂಟರ್ ಕೈಯಲ್ಲಿ ತುಳಿಸಿ ಗಳಿಸಿಕೊಂಡು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2019ರಲ್ಲಿ ಪ್ರಶಸ್ತಿ ಕಿತ್ತುಕೊಂಡು ಆರು ತಿಂಗಳು ನಿಷೇಧ ಹಾಕಿದರು. ಇಂಥ ಕಳ್ಳತನವನ್ನು ಹಿಡಿಯಲು ನಮ್ಮ ತೀರ್ಪುಗಾರರು ಇನ್ನೂ ತಯಾರಾಗಬೇಕು.

ಬೋನಸ್ ಪಾಯಿಂಟ್ (ಹುಬ್ಬಳ್ಳಿ)

ಲೈನಿನಲ್ಲಿ ರೇಡರ್‌ಗಳು ಯಾರೂ ಇಲ್ಲವೇ? ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಕಬಡ್ಡಿ ಆಡಿದವಳು. ಹೆಣ್ಣುಮಕ್ಕಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಒಂದು ರೇಡಿಗೆ 30 ಸೆಕೆಂಡು. ತಮ್ಮಂದಿರು ಕಬಡ್ಡಿ ಆಟ ಇಳಿಸಿಕೊಂಡಿದ್ದಾರೆ ಎಂದು ಕುತೂಹಲಕ್ಕೆ ಆಡಿದೆ. ಅಲ್ಲಿ ಮುಟ್ಟುವುದು ಗುಂಡಿ, ತಪ್ಪಿಸಿಕೊಳ್ಳುವುದೂ ಗುಂಡಿ. ಕೈಕೈ ಹಿಡಿದು ಹಿಂದಿನಿಂದ ಬರುವ ಎದುರಾಳಿಗಳ ಚೈನಿನ ಹೆಜ್ಜೆಸಪ್ಪಳ ಬೆನ್ನಿಗೆ ತಿಳಿಯುವುದು, ಕಾರ್ನರ್‌ನವಳು ಕಣಕಾಲಿಗೆ ಕೈ ಹಾಕುವ ಮೊದಲು ಅವಳ ಭುಜ ಒಂದು ಗುಲಗಂಜಿಯಷ್ಟು ಇಳಿಯುವುದು, ಯಾವುದೂ ಇಲ್ಲ. ನನ್ನನ್ನು ಅಲ್ಲಿ ಮೊದಲ ರೇಡಿನಲ್ಲೇ ಹಿಡಿದರು. ಬೇಸರವೂ ಆಗಲಿಲ್ಲ. ಎದುರಾಳಿಯ ಮೈ ಇಲ್ಲದ ಕಬಡ್ಡಿಯಲ್ಲಿ ಸೋತರೆ ಸೋತಂತೆ ಅನಿಸುವುದೇ ಇಲ್ಲ.

ಎಡಗೈ ಸ್ಪಿನ್ (ಹುಬ್ಬಳ್ಳಿ)

ಎಲ್ಲರ ಮಾತು ಓದಿದೆ. ವೃತ್ತ ತೆಗೆದು ಅಳಿಯನೊಂದಿಗೆ ಆಡಿದೆ. ಸೋತೆ. ಆದರೆ ಹದಿನಾರನೆಯ ಓವರ್ ತನಕ ಎಳೆದೆ, ಅವನೂ ಎರಡು ಬಾರಿ ಬೌಲ್ಡ್ ಆಗಿ ಮುಖ ಸಣ್ಣ ಮಾಡಿಕೊಂಡ.

ನನಗೆ ಇನ್ನೂ ಸಿಟ್ಟಿರುವುದು ಬೌಲಿಂಗ್ ವಿಷಯದಲ್ಲಿ. ಬ್ಯಾಟಿಂಗ್‌ನ ಕಷ್ಟವನ್ನು ಆಟ ಅರ್ಧ ಪುಕ್ಕಟೆ ಮಾಡಿದರೆ ಬೌಲಿಂಗ್‌ನ ಕಷ್ಟವನ್ನು ಪೂರ್ತಿ ಮಾಡಿದೆ. ನಮ್ಮ ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್ ತೆಗೆದರು. ಎಡಗೈ ಸ್ಪಿನ್ನರ್ ಆಗಿ ನಾನು ಅದನ್ನು ದೇವರ ಮನೆಯಲ್ಲಿ ಬರೆದಿಟ್ಟಿಲ್ಲ ಅಷ್ಟೇ. ಅರವತ್ತು ಚೆಂಡುಗಳನ್ನೂ ಒಂದು ಕರವಸ್ತ್ರದಷ್ಟು ಜಾಗದ ಸುತ್ತಲೇ ಹಾಕಬೇಕು, ಬೆರಳಿನ ಚರ್ಮ ಸುಲಿದರೂ ಹಾಕಬೇಕು, ಗಾಳಿಯಲ್ಲಿ ಎತ್ತರ ತಗ್ಗಿಸಿ ಏರಿಸಿ ಬ್ಯಾಟ್ಸ್‌ಮನ್‌ಗೆ ಆಸೆ ಹುಟ್ಟಿಸಬೇಕು. ಆಟದಲ್ಲಿ? ಗುರುತನ್ನು ಆ ಜಾಗಕ್ಕೆ ಜರುಗಿಸಿ ಬಿಟ್ಟರೆ ಅರವತ್ತೂ ಅಲ್ಲೇ ಬೀಳುತ್ತವೆ. ಸುನಿಲ್ ಜೋಶಿಯವರ ಸಂಯಮವನ್ನು ನನ್ನ ಅಳಿಯ ಚಿಪ್ಸ್ ತಿನ್ನುತ್ತಾ ಸಾಧಿಸುತ್ತಾನೆ. ಹಾಗೆ ಸುಲಭವಾದದ್ದಕ್ಕೇ ಬ್ಯಾಟ್ಸ್‌ಮನ್‌ಗಳ ಬಲವನ್ನು ಹೆಚ್ಚಿಸಿ ಪ್ರತಿ ಓವರಿಗೂ ಸಿಕ್ಸರ್ ಇಟ್ಟಿದ್ದಾರೆ. ನಾನು ಸೋಲುತ್ತಿರುವುದು ಹುಡುಗನಿಗಲ್ಲ, ಆ ಲೆಕ್ಕಕ್ಕೆ.

ಅದೃಷ್ಟಲಕ್ಷ್ಮಿ (ಸ್ಥಳ ನಮೂದಿಸಿಲ್ಲ)

ಇಷ್ಟೆಲ್ಲ ಜ್ಞಾನ ಇರುವವರು ತಂಡ ಕಟ್ಟಿ ಹಣ ಗೆಲ್ಲಬಹುದಲ್ಲ? ಒಂದು ಆ್ಯಪ್ ಇದೆ, ಬೇಕಾದವರು ಸಂದೇಶ ಕಳಿಸಿ.

ನಿರ್ವಾಹಕರು

ಮೇಲಿನ ಸದಸ್ಯರನ್ನು ತೆಗೆಯಲಾಗಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದೆ. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಇಟ್ಟು ಪ್ರೋತ್ಸಾಹಿಸುತ್ತದೆ. ಎರಡನ್ನೂ ಕಲಸಬೇಡಿ. ಚರ್ಚೆ ಮುಂದುವರಿಯಲಿ.

ಗರಡಿ ಕಾಕಾ (ಹಾವೇರಿ)

ಜಾಯ್‌ಸ್ಟಿಕ್ ತಮ್ಮಾ, ಒಂದು ಕೆಲಸದ ಮಾತು. ಪಾರ್ಲರ್‌ನವರು ಫೀಲ್ಡ್ ಕೂರಿಸುವ ವಿಷಯ ಬರೆದದ್ದು ನನ್ನ ತಲೆಯಲ್ಲಿ ಉಳಿಯಿತು. ಮಳೆಗಾಲದಲ್ಲಿ ನಮ್ಮ ಶಾಲೆಯ ಮೈದಾನ ಕೆಸರುಗದ್ದೆ. ಆಟದ ಅವಧಿಯಲ್ಲಿ ಮಕ್ಕಳು ತರಗತಿಯಲ್ಲೇ ಕೂತು ಗದ್ದಲ ಮಾಡುತ್ತಾರೆ. ಪಾಯಿಂಟ್ ಎಲ್ಲಿ, ಗಲ್ಲಿ ಎಲ್ಲಿ, ಎಡಗೈಯವನು ಬಂದಾಗ ಎಲ್ಲ ಹೇಗೆ ತಿರುಗುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಚುಕ್ಕಿ ಇಟ್ಟು ಹೇಳಿ ಸಾಕಾಗಿದೆ. ಈ ಆಟವನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಅಷ್ಟನ್ನು ಕಲಿಸಲು ಆಗುತ್ತದೆಯೇ? ಬೇರೇನೂ ಬೇಡ. ಬಿಸಿಲು ಬಂದ ಕೂಡಲೇ ಎಲ್ಲರನ್ನೂ ಹೊರಗೆ ಓಡಿಸುತ್ತೇನೆ.

ಜಾಯ್‌ಸ್ಟಿಕ್ (ಧಾರವಾಡ)

ಖಂಡಿತ ಆಗುತ್ತದೆ ಕಾಕಾ. ಒಬ್ಬ ಹುಡುಗ ಆಡಲಿ, ಉಳಿದವರು ಪ್ರತಿ ಚೆಂಡಿಗೆ ಮೊದಲು ಫೀಲ್ಡರ್ ಎಲ್ಲಿ ನಿಲ್ಲಬೇಕು ಎಂದು ಕೂಗಿ ಹೇಳಲಿ. ವೃತ್ತ ತೆಗೆದುಬಿಡಿ, ಕ್ಯಾಮೆರಾವನ್ನು ಬೌಲರ್‌ನ ಹಿಂದೆ ಇಡಿ. ಚೆಂಡು ಕೈಬಿಟ್ಟ ಕೂಡಲೇ ಆಟ ನಿಲ್ಲಿಸಿ ‘ಎಲ್ಲಿ ಬೀಳುತ್ತದೆ’ ಎಂದು ಕೇಳಿ, ಫಿಸಿಯೋ ಅಕ್ಕ ಹೇಳಿದ ಕಣ್ಣಿನ ಅಭ್ಯಾಸವೂ ಒಂದಿಷ್ಟು ಆದೀತು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡುವ ಆಟವೊಂದನ್ನು ನಾನೇ ಬಂದು ಹಾಕಿಕೊಡುತ್ತೇನೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದೆಯಲ್ಲವೇ?

ಗರಡಿ ಕಾಕಾ (ಹಾವೇರಿ)

ಪ್ರೊಜೆಕ್ಟರ್ ಇದೆ. ಮಳೆ ಬಂದಾಗ ಕರೆಂಟ್ ಇರುವುದಿಲ್ಲ.

ಪಾರ್ಲರ್ ನಡೆಸುವವ (ವಿದ್ಯಾನಗರ, ಹುಬ್ಬಳ್ಳಿ)

ಸರ್, ನನ್ನ ಪಾರ್ಲರ್‌ನ ಹಳೆಯ ಇನ್ವರ್ಟರ್ ಒಂದು ಮೂಲೆಯಲ್ಲಿ ಕುಳಿತಿದೆ. ಬ್ಯಾಟರಿ ಮಾತ್ರ ಹೊಸದು ಹಾಕಿಸಿಕೊಳ್ಳಬೇಕು. ಜಾಯ್‌ಸ್ಟಿಕ್ ಬರುವಾಗ ಅವನ ಕೈಯಲ್ಲಿ ಕಳಿಸಲೇ?